ಹುಣ್ಣು ಮಾಯ್ದರೂ ರೋಗ ಮಾಯದು

ಸಂಚಿಕೆ ಸಂಚಿಕೆಗೂ ಈ ಪುಟದಲ್ಲಿ ನಾವು ಪಗಾರ, ಬೋನಸ್ಸು, ವಾರದ ರಜೆ, ಖೋಲಿಯ ಬಾಡಿಗೆ ಇವುಗಳ ಮಾತನ್ನೇ ಆಡುತ್ತ ಬಂದವರು. ಈ ಸಲ ಅವನ್ನು ಬದಿಗಿಟ್ಟು, ನಮ್ಮ ಸಭೆಯಲ್ಲಿ ಈವರೆಗೆ ಒಬ್ಬರೂ ಎದ್ದು ನಿಂತು ಆಡದ ಒಂದು ಮಾತನ್ನು ಎತ್ತಿಕೊಂಡಿದ್ದೇವೆ. ಮುಂಬಯಿಯಲ್ಲಿ ಗರ್ಮಿ ಎಂದೂ ಊರಲ್ಲಿ ಪರಂಗಿ ಹುಣ್ಣು ಎಂದೂ ಆಸ್ಪತ್ರೆಯಲ್ಲಿ ಸಿಫಿಲಿಸ್ ಎಂದೂ ಕರೆಯುವ ರೋಗದ ಮಾತು ಅದು. ಇಷ್ಟು ಓದಿದೊಡನೆ ಕೆಲವರು ಪತ್ರಿಕೆಯನ್ನು ಮಡಚಿಡಬಹುದು. ದಯವಿಟ್ಟು ಮಡಚಬೇಡಿ. ನಾಲ್ಕು ಜನರೆದುರು ಓದಲು ಸಂಕೋಚವಾದರೆ ರಾತ್ರಿ ಹೊಟೇಲು ಮುಚ್ಚಿದ ಮೇಲೆ ಓದಿ. ಆದರೆ ಓದಿ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಅದು ನಮ್ಮದೇ ತಪ್ಪಿನ ಕಥೆ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇವೆ.

ಕೆಲವು ವರುಷಗಳ ಹಿಂದೆ ಒಬ್ಬ ತರುಣ ಅಡಿಗೆಯವನು ರಾತ್ರಿ ಹನ್ನೊಂದೂವರೆಗೆ ಸಂಘದ ಕಚೇರಿಗೆ ಬಂದ. ಎಲ್ಲರೂ ಎದ್ದುಹೋಗುವ ತನಕ ಮೂಲೆಯಲ್ಲಿ ಕೂತಿದ್ದು, ಕೊನೆಗೆ ನಮ್ಮ ಹತ್ತಿರ ಬಂದು, "ಅಣ್ಣಾ, ಕೆಳಗೆ ಒಂದು ಹುಣ್ಣಾಗಿದೆ, ನೋವಿಲ್ಲ, ಏನು ಮಾಡಲಿ?" ಎಂದು ಕೇಳಿದ. ನಾವು ನಕ್ಕೆವು. "ಭಟ್ಟಿಯ ಮುಂದೆ ನಿಂತು ನಿಂತು ಮೈಗೆ ಉಷ್ಣವಾಗಿದೆ, ಎಳನೀರು ಕುಡಿ" ಎಂದೆವು. ಅವನೂ ನಕ್ಕು ಹೋದ. ಆಮೇಲೆ ಅವನು ಸ್ಟೇಶನ್ ಹತ್ತಿರದ ಒಬ್ಬ ಗುಪ್ತರೋಗದ ವೈದ್ಯನಲ್ಲಿ ಒಂದು ತಿಂಗಳ ಪಗಾರ ಸುರಿದು ಪುಡಿ ನುಂಗಿದ. ಹುಣ್ಣು ಮಾಯ್ದಿತು. ಮರುವರುಷ ಊರಿಗೆ ಹೋಗಿ ಮದುವೆಯಾದ. ಹೆಂಡತಿಗೆ ಎಂಟನೆಯ ತಿಂಗಳಲ್ಲಿ ಸತ್ತ ಮಗು ಹುಟ್ಟಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಮನೆಯವರು ಸೊಸೆಯ ಕಾಲ್ಗುಣವನ್ನು ಹಳಿದರು, ನಾಗದೋಷವೆಂದು ಶಾಂತಿ ಮಾಡಿಸಿದರು, ಇನ್ನೊಂದು ಹೆಣ್ಣು ನೋಡುವ ಮಾತನ್ನೂ ಆಡಿದರು. ಆ ಹುಡುಗಿ ಒಂದು ಮಾತನ್ನೂ ಆಡದೆ ಎಲ್ಲವನ್ನೂ ತನ್ನ ಹಣೆಬರಹವೆಂದು ಹೊತ್ತುಕೊಂಡಳು.

ಮೂರನೆಯ ಸಲ ಬಸಿರಾದಾಗ ತಾಲೂಕು ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಸಿಫಿಲಿಸ್ ಎಂದು ಬಂತು. ಗಂಡನನ್ನು ಕರೆಸಿ ಅವನ ರಕ್ತವನ್ನೂ ನೋಡಿದರು, ಅದೇ. ಇಬ್ಬರಿಗೂ ವಾರಕ್ಕೊಂದರಂತೆ ಮೂರು ವಾರ ಪೆನಿಸಿಲಿನ್ ಸೂಜಿಮದ್ದು ಹಾಕಿದರು. ಈಗ ಆ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ. ಊರಿಂದ ಮರಳಿ ಬಂದವನು ನಮಗೆ ಇದನ್ನೆಲ್ಲ ಹೇಳಿ, "ಹೆಸರು ಹಾಕಬೇಡಿ, ಆದರೆ ಬರೆಯಿರಿ" ಎಂದ. ನಮ್ಮನ್ನು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ನಾವು ಅಂದು ನಗದೆ ಮರುದಿನ ಬೆಳಿಗ್ಗೆ ಅವನ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದಿದ್ದರೆ, ಒಂದೇ ದಿನದ ಮದ್ದಿನಲ್ಲಿ ಮುಗಿಯುತ್ತಿದ್ದ ಕೆಲಸ ಅದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು. ಕೊಡಲಿಯ ಏಟು ಬಿದ್ದದ್ದು ಏನೂ ಅರಿಯದ ಹೆಣ್ಣಿನ ಮೇಲೆ.

ಇನ್ನು ಈ ರೋಗದ ನಡೆ ಹೇಗೆಂಬುದನ್ನು ನೋಡೋಣ. ರೋಗವಿದ್ದವರ ಸಂಗವಾದ 10ರಿಂದ 90 ದಿನಗಳೊಳಗೆ, ಸಾಮಾನ್ಯವಾಗಿ ಮೂರು ವಾರಕ್ಕೆ, ಗುಪ್ತಾಂಗದ ಮೇಲೋ ಗುದದ್ವಾರದಲ್ಲೋ ಬಾಯಲ್ಲೋ ಒಂದು ಹುಣ್ಣು ಏಳುತ್ತದೆ. ಅದು ಗಟ್ಟಿಯಾಗಿರುತ್ತದೆ, ಹೆಚ್ಚಾಗಿ ನೋಯುವುದಿಲ್ಲ. ಹೆಂಗಸರಲ್ಲಿ ಒಳಗಡೆ ಆಗುವುದರಿಂದ ಕಣ್ಣಿಗೇ ಬೀಳದೆ ಹೋಗಬಹುದು. ಮದ್ದು ಮಾಡಿದರೂ ಮಾಡದಿದ್ದರೂ ಮೂರರಿಂದ ಆರು ವಾರದಲ್ಲಿ ಆ ಹುಣ್ಣು ತಾನಾಗಿಯೇ ಮಾಯುತ್ತದೆ. ಮೋಸವಿರುವುದು ಇಲ್ಲಿಯೇ. ಹುಣ್ಣು ಮಾಯುವ ಹೊತ್ತಿಗೆ ಯಾವ ಪುಡಿ ನುಂಗಿದ್ದರೆ ಆ ಪುಡಿಗೆ, ಯಾವ ಹರಕೆ ಹೊತ್ತಿದ್ದರೆ ಆ ಹರಕೆಗೆ ಕೀರ್ತಿ ಬರುತ್ತದೆ. ರೋಗ ಮಾತ್ರ ರಕ್ತದೊಳಗೆ ಇಳಿದಿರುತ್ತದೆ.

ಕೆಲವು ವಾರಗಳ ಮೇಲೆ ಮೈಮೇಲೆ ದದ್ದು ಬರುತ್ತದೆ, ಅಂಗೈ ಅಂಗಾಲಿನಲ್ಲೂ ಬರುತ್ತದೆ. ತುರಿಕೆ ಇರುವುದಿಲ್ಲ. ಸಣ್ಣ ಜ್ವರ, ಗಂಟಲು ನೋವು, ಅಲ್ಲಲ್ಲಿ ಕೂದಲು ಉದುರುವುದು, ಬಾಯಲ್ಲಿ ಬಿಳಿಯ ಹುಣ್ಣು. ಸೋಡಾ ನೀರಿನಲ್ಲಿ ಪಾತ್ರೆ ತೊಳೆಯುವ ನಮ್ಮವರು ಅಂಗೈಯ ದದ್ದನ್ನು ಸೋಡಾದ ಪ್ರಭಾವವೆಂದೇ ತಿಳಿಯುತ್ತಾರೆ. ಅದೂ ತಾನಾಗಿ ಹೋಗುತ್ತದೆ. ಆಮೇಲೆ ವರುಷಗಟ್ಟಲೆ ಏನೂ ಇಲ್ಲ. ಹೊಟೇಲುಗಳಲ್ಲಿ ಕಲ್ಲಿದ್ದಲ ಭಟ್ಟಿಯಿದ್ದ ಕಾಲವನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗಿದರೆ ಭಟ್ಟಿ ಆರಿದಂತೆಯೇ ಕಾಣುತ್ತದೆ. ಬೆಳಿಗ್ಗೆ ಕೆದಕಿದರೆ ಗೊತ್ತಾಗುತ್ತದೆ. ಮದ್ದು ಮಾಡಿಸಿಕೊಳ್ಳದವರಲ್ಲಿ ಎಲ್ಲರಿಗಲ್ಲದಿದ್ದರೂ ಕೆಲವರಿಗೆ, ಹತ್ತು ಇಪ್ಪತ್ತು ಮೂವತ್ತು ವರುಷಗಳ ಮೇಲೆ ಈ ಕೆಂಡ ಹೃದಯದ ದೊಡ್ಡ ರಕ್ತನಾಳವನ್ನೋ ಮೆದುಳನ್ನೋ ನರಗಳನ್ನೋ ಹಿಡಿಯುತ್ತದೆ. ನಡಿಗೆ ತಪ್ಪುತ್ತದೆ, ಬುದ್ಧಿ ಕದಡುತ್ತದೆ. ಕಣ್ಣು ಕಿವಿಗಳಿಗಂತೂ ಅಷ್ಟು ವರುಷ ಕಾಯದೆ ಮೊದಲೇ ಪೆಟ್ಟು ಬೀಳಬಹುದು. 1982ರ ಮುಷ್ಕರದ ನಂತರ ಒಂದೊಂದಾಗಿ ಬಾಗಿಲು ಹಾಕಿದ ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರಿದ್ದಾರೆ. ಹರೆಯದಲ್ಲಿ ಇಂಥ ಹುಣ್ಣಾಗಿ ಮಾಯ್ದದ್ದು ನೆನಪಿದ್ದರೆ, ವಯಸ್ಸಾಯಿತೆಂದು ಸುಮ್ಮನಿರದೆ ಈಗಲೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಬಸುರಿಗೆ ಈ ರೋಗವಿದ್ದರೆ ಗರ್ಭದ ಮಗುವಿಗೂ ತಾಗುತ್ತದೆ. ಗರ್ಭ ಇಳಿಯಬಹುದು, ಮಗು ಸತ್ತು ಹುಟ್ಟಬಹುದು, ಬದುಕಿದರೂ ಎಲುಬು, ಕಣ್ಣು, ಕಿವಿಗಳಲ್ಲಿ ಊನ ಬರಬಹುದು. ಆದರೆ ಮೊದಲ ತಿಂಗಳುಗಳಲ್ಲೇ ರಕ್ತ ನೋಡಿಸಿ ತಾಯಿಗೆ ಪೆನಿಸಿಲಿನ್ ಕೊಟ್ಟರೆ ಅದೇ ಮದ್ದು ಮಗುವನ್ನೂ ಕಾಯುತ್ತದೆ. ವರುಷಕ್ಕೊಮ್ಮೆ ಚೌತಿಗೋ ಜಾತ್ರೆಗೋ ಊರಿಗೆ ಹೋಗುವ ನಾವು ಸೀರೆ, ಮಿಠಾಯಿ, ಮಕ್ಕಳಿಗೆ ಆಟದ ಸಾಮಾನು ಒಯ್ಯುತ್ತೇವೆ. ಅವುಗಳ ಜೊತೆಗೆ ಇದನ್ನೂ ಒಯ್ಯುತ್ತಿದ್ದೇವೆಯೋ ಎಂದು ರೈಲು ಹತ್ತುವ ಮುಂಚೆ ತಿಳಿದುಕೊಳ್ಳುವುದು ಗಂಡಸಿನ ಹೊಣೆ.

ಈ ರೋಗದ ಹೆಸರುಗಳ ಚರಿತ್ರೆಯೂ ಒಂದು ಪಾಠ. 1495ರಲ್ಲಿ ಫ್ರಾನ್ಸಿನ ದೊರೆಯ ದಂಡು ಇಟಲಿಯ ನೇಪಲ್ಸ್ ಪಟ್ಟಣದಲ್ಲಿದ್ದಾಗ ಇದು ಯುರೋಪಿನಲ್ಲಿ ಹಬ್ಬಿತು. ಇಟಲಿಯವರು ಇದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನವರ ರೋಗವೆಂದರು, ರಶಿಯದವರು ಪೋಲೆಂಡಿನವರ ತಲೆಗೆ ಕಟ್ಟಿದರು. ನಮ್ಮ ದೇಶದಲ್ಲಿ 16ನೆಯ ಶತಮಾನದ ಭಾವಮಿಶ್ರನು ತನ್ನ ವೈದ್ಯ ಗ್ರಂಥದಲ್ಲಿ ಫಿರಂಗ ರೋಗವೆಂದು ಬರೆದ. ಅದೇ ನಮ್ಮ ಬಾಯಲ್ಲಿ ಪರಂಗಿಯಾಯಿತು. ಎಲ್ಲರಿಗೂ ಇದು ಪರರ ರೋಗ. ಇಂದಿಗೂ ನಾವು ಮಾಡುತ್ತಿರುವುದು ಅದನ್ನೇ. "ಅದು ಕಾಮಾಟಿಪುರದ ಹೆಂಗಸರ ರೋಗ" ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಆ ಹೆಂಗಸರಿಗೆ ಅದನ್ನು ತಂದುಕೊಟ್ಟವರು ಯಾರು? ರೋಗವು ಅಲ್ಲಿಯ ಗೋಡೆಗಳಲ್ಲಿ ಹುಟ್ಟಲಿಲ್ಲ, ಗಂಡಸರೇ ಹೊತ್ತು ತಂದರು. ಅಲ್ಲಿರುವವರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆಯಿಂದ, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಬಂದ ಹೆಣ್ಣುಮಕ್ಕಳೂ ಇದ್ದಾರೆ. ಕರ್ನಾಟಕ ಸರಕಾರ 1982ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾಯಿದೆ ಮಾಡಿದೆ. ಹಸಿವು ಕಾಯಿದೆಯನ್ನು ಓದುವುದಿಲ್ಲ. ಅವರೂ ಕನ್ನಡವನ್ನೇ ಆಡುವವರು, ಅವರೂ ಊರಿಗೆ ದುಡ್ಡು ಕಳಿಸುವವರು. ಅವರನ್ನು ಹೀನೈಸಿ ಬರೆಯುವ ಯಾವ ಮಾತಿಗೂ ಈ ಪತ್ರಿಕೆಯಲ್ಲಿ ಜಾಗವಿಲ್ಲ.

ಈ ರೋಗಕ್ಕೆ ಕಾರಣವಾದ, ತಿರುಪಿನಂತೆ ಸುತ್ತಿಕೊಂಡಿರುವ ಕ್ರಿಮಿಯನ್ನು 1905ರಲ್ಲಿ ಬರ್ಲಿನ್ನಿನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಎಂಬಿಬ್ಬರು ಕಂಡುಹಿಡಿದರು. ಅದಕ್ಕೆ ಮುಂಚೆ ನೂರಾರು ವರುಷ ಪಾದರಸವನ್ನೇ ಮದ್ದೆಂದು ಕೊಟ್ಟು, ರೋಗಿಗಳ ಹಲ್ಲು ಉದುರಿ ಜೊಲ್ಲು ಸುರಿಯುವಂತೆ ಮಾಡುತ್ತಿದ್ದರು. 1910ರಲ್ಲಿ ಜರ್ಮನಿಯ ಎರ್ಲಿಚ್ ಮತ್ತು ಜಪಾನಿನ ಹಾತಾ ಎಂಬ ವಿಜ್ಞಾನಿಗಳ ಪಾಷಾಣ ಬೆರೆತ ಮದ್ದು ಬಂತು. 1943ರಲ್ಲಿ ಅಮೆರಿಕದ ಡಾ. ಮಹೋನಿ ನಾಲ್ಕು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ನೋಡಿದರು. ಅಲ್ಲಿಂದ ಚಿಕಿತ್ಸೆಯೇ ಬದಲಾಯಿತು. 1954ರಲ್ಲಿ ಪುಣೆಯ ಹತ್ತಿರದ ಪಿಂಪ್ರಿಯಲ್ಲೇ ಸರಕಾರ ಪೆನಿಸಿಲಿನ್ ತಯಾರಿಸುವ ಕಾರ್ಖಾನೆ ಸ್ಥಾಪಿಸಿತು. ಎಂಬತ್ತು ವರುಷ ಕಳೆದರೂ ಸಿಫಿಲಿಸ್ ಕ್ರಿಮಿ ಪೆನಿಸಿಲಿನ್ನಿಗೆ ಸೋಲುವುದನ್ನು ಬಿಟ್ಟಿಲ್ಲ. ರೋಗ ತಾಗಿ ವರುಷದೊಳಗಾದರೆ ಸಾಮಾನ್ಯವಾಗಿ 24 ಲಕ್ಷ ಯೂನಿಟ್ ಬೆಂಜಾಥೀನ್ ಪೆನಿಸಿಲಿನ್ ಒಂದೇ ಸಲ ಸಾಕು. ಹಳೆಯದಾದರೆ ವಾರಕ್ಕೊಂದರಂತೆ ಮೂರು. ಇಷ್ಟಿದ್ದೂ 2022ರಲ್ಲಿ ಜಗತ್ತಿನಲ್ಲಿ 80 ಲಕ್ಷ ವಯಸ್ಕರಿಗೆ ಇದು ಹೊಸದಾಗಿ ತಾಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮದ್ದಿಲ್ಲದೆ ಅಲ್ಲ, ಮದ್ದಿನ ಹತ್ತಿರ ಹೋಗದೆ.

ಮದ್ದಿದ್ದೂ ಕೊಡದ ಒಂದು ಘೋರ ಕಥೆಯನ್ನು ದುಡಿಯುವವರೆಲ್ಲ ತಿಳಿದಿರಬೇಕು. ಅಮೆರಿಕದ ಅಲಬಾಮಾ ಪ್ರಾಂತದ ಟಸ್ಕೀಗಿ ಎಂಬಲ್ಲಿ 1932ರಿಂದ ಅಲ್ಲಿಯ ಸರಕಾರಿ ಆರೋಗ್ಯ ಇಲಾಖೆ ಸುಮಾರು 600 ಕಪ್ಪು ಜನಾಂಗದ ಬಡ ಗೇಣಿ ರೈತರನ್ನು ಪರೀಕ್ಷೆಗೆ ಹಿಡಿಯಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. "ನಿಮ್ಮ ರಕ್ತ ಕೆಟ್ಟಿದೆ" ಎಂದಷ್ಟೇ ಹೇಳಿ, ಪುಕ್ಕಟೆ ಊಟ ಕೊಟ್ಟು, ಸತ್ತರೆ ಮಣ್ಣು ಮಾಡುವ ಖರ್ಚು ಕೊಡುತ್ತೇವೆಂದು ಆಸೆ ತೋರಿಸಿ, ಮದ್ದು ಮಾಡದೆ ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕೂತರು. ಪೆನಿಸಿಲಿನ್ ಎಲ್ಲೆಡೆ ಸಿಗತೊಡಗಿದ ಮೇಲೂ ಅವರಿಗೆ ಕೊಡಲಿಲ್ಲ. ಪತ್ರಿಕೆಗಳಲ್ಲಿ ಸುದ್ದಿ ಬಂದು 1972ರಲ್ಲಿ ಇದು ನಿಂತಿತು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದರು. ಅಲ್ಲಿ ಬಡವರಿಂದ ಮದ್ದನ್ನು ಮುಚ್ಚಿಟ್ಟವರು ಸರಕಾರದವರು. ಇಲ್ಲಿ, ಈ ಮುಂಬಯಿಯಲ್ಲಿ, ಸರಕಾರಿ ಆಸ್ಪತ್ರೆಯಲ್ಲಿ ಮದ್ದಿದ್ದೂ ನಮ್ಮಿಂದ ಅದನ್ನು ಮುಚ್ಚಿಟ್ಟುಕೊಳ್ಳುತ್ತಿರುವವರು ನಾವೇ. ಅಣ್ಣತಮ್ಮಂದಿರು ನಗುತ್ತಾರೆ, ಮಾಲಿಕರು ಕೆಲಸದಿಂದ ತೆಗೆಯುತ್ತಾರೆ, ಊರಲ್ಲಿ ಮಾನ ಹೋಗುತ್ತದೆ ಎಂಬ ಹೆದರಿಕೆಯೇ ನಮ್ಮ ಟಸ್ಕೀಗಿ.

ಈ ಹೆದರಿಕೆಯಿಂದಲೇ ಹೊಟ್ಟೆ ಹೊರೆಯುವವರೂ ಇದ್ದಾರೆ. ಲೋಕಲ್ ಗಾಡಿಯ ಡಬ್ಬಿಗಳಲ್ಲಿ, ಸ್ಟೇಶನ್ನಿನ ಹೊರಗಿನ ಗೋಡೆಗಳಲ್ಲಿ "ಗುಪ್ತರೋಗ ಶರ್ತಿಯಾ ಇಲಾಜ್" ಎಂಬ ಚೀಟಿಗಳನ್ನು ನೋಡದವರು ನಮ್ಮಲ್ಲಿ ಇಲ್ಲ. ಇಂಥ ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಹಾಕುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಸಿಫಿಲಿಸ್ ಗನೋರಿಯಾಗಳ ಹೆಸರು ಅದರ ಪಟ್ಟಿಯಲ್ಲೇ ಇದೆ. ಅಂದರೆ ಆ ಚೀಟಿ ಅಂಟಿಸಿದವನು ಮೊದಲ ಹೆಜ್ಜೆಯಲ್ಲೇ ಕಾನೂನು ಮುರಿದವನು. ಅವನ ಕೈಗೆ ದೇಹವನ್ನು ಒಪ್ಪಿಸಬೇಡಿ.

ಸಿಫಿಲಿಸ್ ಒಂದೇ ಅಲ್ಲ. ಮೂತ್ರ ಮಾಡುವಾಗ ಉರಿ, ಕೀವು ಬರುವುದು ಗನೋರಿಯಾ ಇರಬಹುದು. ಇದಕ್ಕೆ ಹಿಂದೆ ಪೆನಿಸಿಲಿನ್ ನಾಟುತ್ತಿತ್ತು, ಈಗ ನಾಟುವುದಿಲ್ಲ. ಅರ್ಧಂಬರ್ಧ ಗುಳಿಗೆ ನುಂಗಿ ನುಂಗಿ ಆ ಕ್ರಿಮಿಗೆ ನಾವೇ ಮದ್ದುಗಳನ್ನು ಅರಗಿಸಿಕೊಳ್ಳುವುದನ್ನು ಕಲಿಸಿದ್ದೇವೆ. ಆದ್ದರಿಂದ ಗೆಳೆಯನಿಗೆ ಕೊಟ್ಟ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ಗುಳಿಗೆ ಕೊಳ್ಳುವ ಚಾಳಿ ಬಿಡಬೇಕು. ಸಿಫಿಲಿಸ್ ಹುಣ್ಣಿದ್ದವರಿಗೆ ಎಚ್.ಐ.ವಿ. ಸುಲಭವಾಗಿ ತಾಗುತ್ತದೆ, ಎರಡು ಪರೀಕ್ಷೆಯನ್ನೂ ಒಟ್ಟಿಗೇ ಮಾಡಿಸಿಕೊಳ್ಳುವುದು ಜಾಣತನ. ನಿರೋಧ್ ಬಳಸಿದರೆ ಇವೆಲ್ಲದರ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. ಆದರೆ ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಸಿಫಿಲಿಸ್ ತಾಗಬಹುದು.

ಮಾಲಿಕರಿಗೂ ಒಂದು ಮಾತು. ಇಂಥ ರೋಗವಿದೆಯೆಂಬ ಗುಸುಗುಸು ಕೇಳಿದೊಡನೆ ಹುಡುಗನ ಹಾಸಿಗೆ ಹೊರಗೆಸೆಯುವುದನ್ನು ನಾವು ಕಂಡಿದ್ದೇವೆ. "ಗಿರಾಕಿಗಳ ತಟ್ಟೆ ಲೋಟ ಮುಟ್ಟುವವನು" ಎಂಬುದು ಅವರ ನೆಪ. ಸಿಫಿಲಿಸ್ ತಟ್ಟೆಯಿಂದ, ಲೋಟದಿಂದ, ಬಟ್ಟೆಯಿಂದ, ಪಾಯಖಾನೆಯಿಂದ ಹರಡುವುದಿಲ್ಲ. ಅವನು ಕಲಸಿದ ಹಿಟ್ಟಿನಿಂದಲೂ ಬರುವುದಿಲ್ಲ. ಎಚ್.ಐ.ವಿ.ಯ ವಿಷಯದಲ್ಲಂತೂ 2017ರ ಕಾಯಿದೆಯೇ ಇದೆ. ಸೋಂಕಿದೆಯೆಂಬ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡುವುದಕ್ಕೆ, ಕೆಲಸ ಕೊಡಲು ಆ ಪರೀಕ್ಷೆಯನ್ನು ಕಡ್ಡಾಯ ಮಾಡುವುದಕ್ಕೆ ಅದು ಅವಕಾಶ ಕೊಡುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಹದಿನೆಂಟು ಹತ್ತೊಂಬತ್ತರ ಹುಡುಗರನ್ನು ಹನ್ನೆರಡು ತಾಸು ದುಡಿಸಿ, ಹೊಟೇಲಿನ ಮಾಳಿಗೆಯಲ್ಲೇ ಮಲಗಿಸಿ, ವರುಷಕ್ಕೊಮ್ಮೆ ಊರಿಗೆ ಬಿಟ್ಟು, ಆಮೇಲೆ ಅವರ ನಡತೆಯ ಬಗ್ಗೆ ಉಪದೇಶ ಮಾಡುವುದು ಸುಲಭ. ಗಿರಣಗಾಂವಿನ ಚಾಳುಗಳಲ್ಲಿ ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದ ನಮ್ಮ ಹಿರಿಯರ ಬಾಳೂ ಇದೇ ಆಗಿತ್ತು. ಹೆಂಡತಿ ಮಕ್ಕಳನ್ನು ಕರೆತಂದು ಇರಿಸಿಕೊಳ್ಳಲು ಆಗುವಷ್ಟು ಪಗಾರ, ಊರಿಗೆ ಹೋಗಿಬರಲು ಸಂಬಳ ಸಹಿತ ರಜೆ, ಮಲಗಲು ಮನುಷ್ಯರಿಗೆ ತಕ್ಕ ಜಾಗ, ಇವನ್ನು ಕೇಳುವಾಗ ನಾವು ಆರೋಗ್ಯವನ್ನೇ ಕೇಳುತ್ತಿದ್ದೇವೆ. ಮಾಳಿಗೆಯಲ್ಲಿ ಮಲಗುವ ಎಳೆಯರ ಮೇಲೆ ದೊಡ್ಡವರು ಕೈಮಾಡುವ ಸಂಗತಿಯೂ ನಮಗೆ ಗೊತ್ತಿಲ್ಲದ್ದಲ್ಲ. ಹಾಗೆ ರೋಗ ತಾಗಿಸಿಕೊಂಡ ಹುಡುಗನದು ಎಳ್ಳಷ್ಟೂ ತಪ್ಪಿಲ್ಲ. ಅವನು ಬಂದು ಹೇಳಲಿ. ನಾವು ಅವನ ಕಡೆ ನಿಲ್ಲುತ್ತೇವೆ.

ಹಾಗಾದರೆ ಮಾಡಬೇಕಾದ್ದೇನು? ಹುಣ್ಣೋ ಕೀವೋ ಅಂಗೈಯ ದದ್ದೋ ಕಂಡರೆ ನೋವಿಲ್ಲವೆಂದು ಕಾಯಬೇಡಿ. ಕೆ.ಇ.ಎಂ., ಸಾಯನ್, ನಾಯರ್, ಜೆ.ಜೆ. ಮುಂತಾದ ದೊಡ್ಡ ಆಸ್ಪತ್ರೆಗಳಲ್ಲಿ ಚರ್ಮ ಮತ್ತು ಗುಪ್ತರೋಗಗಳ ವಿಭಾಗವಿದೆ. ಸರಕಾರಿ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಎಂಬ ಫಲಕ ನೋಡಿ. ಅಲ್ಲಿ ಸಲಹೆ, ಮದ್ದು ಎರಡೂ ಉಚಿತ, ಹೆಸರು ಹೊರಗೆ ಬೀಳುವುದಿಲ್ಲ. ಯಾರನ್ನೂ ಕೇಳಲು ನಾಚಿಕೆಯಾದರೆ 1097 ಎಂಬ ಸರಕಾರಿ ಉಚಿತ ನಂಬರಿಗೆ ಫೋನು ಮಾಡಿ. ಪೆನಿಸಿಲಿನ್ ಕೆಲವರ ಮೈಗೆ ಒಗ್ಗುವುದಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಿ, ಹಿಂದೆ ಯಾವ ಮದ್ದಿನಿಂದಾದರೂ ತೊಂದರೆಯಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಸೂಜಿ ಹಾಕಿದ ದಿನ ಚಳಿಜ್ವರ ಬಂದರೆ ಗಾಬರಿಯಾಗಬೇಡಿ, ಕ್ರಿಮಿಗಳು ಸಾಯುವಾಗ ಹಾಗಾಗುವುದುಂಟು, ದಿನದೊಳಗೆ ಇಳಿಯುತ್ತದೆ. ಹೆಂಡತಿಗೆ ಹೇಳಿ, ಅವಳಿಗೂ ಪರೀಕ್ಷೆ ಮಾಡಿಸಿ. ಡಾಕ್ಟರು ಒಪ್ಪಿಗೆ ಕೊಡುವ ತನಕ ಸಂಗ ಬೇಡ. ಕರೆದ ದಿನ ಮತ್ತೆ ಹೋಗಿ ರಕ್ತ ತೋರಿಸಿ. ಒಮ್ಮೆ ಗುಣವಾದವರಿಗೆ ಮತ್ತೆ ತಾಗದು ಎಂಬುದು ಸುಳ್ಳು.

ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಹೊತ್ತು, ಹೊಟೇಲಿನಲ್ಲಿ ನಾಷ್ಟಾದ ಗಲಾಟೆಯ ಹೊತ್ತು, ಎರಡೂ ಒಂದೇ. ಅದಕ್ಕೆ ಈ ವರುಷದ ಬೇಡಿಕೆಗಳಲ್ಲಿ ಒಂದನ್ನು ಹೊಸದಾಗಿ ಸೇರಿಸಬೇಕೆಂದು ನಾವು ಸೂಚಿಸುತ್ತೇವೆ. ಕೆಲಸಗಾರನು ಆಸ್ಪತ್ರೆಗೆ ಹೋಗಬೇಕೆಂದರೆ, ಯಾವ ರೋಗವೆಂದು ಕೇಳದೆ, ಪಗಾರ ಮುರಿಯದೆ, ಅರ್ಧ ದಿನದ ರಜೆ ಕೊಡಬೇಕು. ಮುಂದಿನ ಸಭೆಯಲ್ಲಿ ಇದನ್ನು ಠರಾವಿಗೆ ಇಡುತ್ತೇವೆ. ಕೈಯೆತ್ತಲು ಯಾರೂ ನಾಚಬೇಕಾಗಿಲ್ಲ. ಕಾಲುಮುರಿದವನಿಗೂ ಅದೇ ರಜೆ, ಗರ್ಮಿಯವನಿಗೂ ಅದೇ ರಜೆ.

ಅಂದು ರಾತ್ರಿ ಹನ್ನೊಂದೂವರೆಗೆ ಬಂದವನನ್ನು ನಾವು ನಕ್ಕು ಕಳಿಸಿದೆವು. ಕಚೇರಿಯ ಬಾಗಿಲು ಈಗಲೂ ಆ ಹೊತ್ತಿಗೆ ತೆರೆದೇ ಇರುತ್ತದೆ. ಇನ್ನು ಬರುವವನು ಎಲ್ಲರೂ ಎದ್ದುಹೋಗುವ ತನಕ ಮೂಲೆಯಲ್ಲಿ ಕಾಯಬೇಕಾಗಿಲ್ಲ. ಬಂದು ಹೇಳಿ. ಮರುದಿನ ಬೆಳಿಗ್ಗೆ ನಿಮ್ಮ ಜೊತೆ ಸಾಲಿನಲ್ಲಿ ನಾವೂ ನಿಲ್ಲುತ್ತೇವೆ.